ನಿಮ್ಮ ಯಂತ್ರಕ್ಕೆ ಕೇಳಿಸದ ಸದ್ದು

ಪೂರ್ವ ವಲಯದ ಮಾನ್ಯ ಶಬ್ದ ತಪಾಸಣಾಧಿಕಾರಿಗಳೇ,

ಬೆಳಗಿನ ಜಾವ ನಾಲ್ಕೂ ಇಪ್ಪತ್ತು. ಧುಮ್ಮ್. ಕಾಂಪೌಂಡಿನ ಆಚೆ ನಿಂತ ಸೊಪ್ಪಿನ ಪಿಕಪ್ ಗಾಡಿಯಿಂದ, ಒಂದೇ ಒಂದು ಸಲ. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎಂದವು, ಕಿಟಕಿಯ ಗಾಜು ಕಟಕಟ ಹಲ್ಲು ಕಡಿಯಿತು, ನಾನು ಎದ್ದು ಕೂತೆ. ಪಕ್ಕದಲ್ಲಿ ಮಲಗಿದ್ದ ನನ್ನ ಮಗಳು ತನ್ಮಯಿಯೂ ಕಣ್ಣು ಬಿಟ್ಟು ಕಿಟಕಿಯ ಕಡೆಗೆ ತಲೆ ತಿರುಗಿಸಿದಳು. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಷ್ಟವಾಗಬಹುದು, ಗೊತ್ತು. ನಿಮಗೆ ನೆನಪಿರುವುದು ನಿವೃತ್ತಿಯ ತಾರೀಖು ಮತ್ತು ಕಾಫಿಯ ಹೊತ್ತು ಮಾತ್ರ ಎಂದು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಕಲಿತವಳು ನಾನು.

ನನ್ನ ತಕರಾರು ಏನೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಯಾವ ಕಾಗದದ ಎರಡನೆಯ ಪುಟವನ್ನೂ ನೀವು ತಿರುವುವವರಲ್ಲ. ನಾನು ಕೊಟ್ಟ ದೂರಿನ ಮೇಲೆ ನೀವು ಕ್ರಮ ಕೈಗೊಳ್ಳುತ್ತಿದ್ದೀರಿ. ಇದೇ ನನ್ನ ದೂರು. ನಾಳೆ ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಸಿಬ್ಬಂದಿ ಬಂದು ಆ ಪಿಕಪ್ಪಿನ ಸಬ್‌ವೂಫರ್ ಪೆಟ್ಟಿಗೆಯನ್ನು ಕಿತ್ತು ಜಪ್ತಿ ಮಾಡಲಿದ್ದಾರೆ. ಬೇಡ. ಅದನ್ನು ಕೀಳಬೇಡಿ. ‘ಕೀಳಿಸಿ ಸ್ವಾಮಿ, ಕೀಳಿಸಿ’ ಎಂದು ತಿಂಗಳುಗಟ್ಟಲೆ ನಿಮ್ಮ ಮೆಟ್ಟಿಲು ಸವೆಸಿದವಳೂ ನಾನೇ, ಇಂದು ಬೇಡ ಎನ್ನುತ್ತಿರುವವಳೂ ನಾನೇ. ಈಕೆಗೆ ತಲೆ ಕೆಟ್ಟಿದೆಯೇ ಎಂದು ನಿಮಗೆ ಅನ್ನಿಸಬಹುದು. ಕೆಟ್ಟಿರುವುದು ನಿದ್ದೆ, ತಲೆ ಇನ್ನೂ ನೆಟ್ಟಗಿದೆ. ಆಗ ನಾನು ಹೇಳಿದ್ದೂ ಸರಿ, ಈಗ ಹೇಳುತ್ತಿರುವುದೂ ಸರಿ. ಎರಡು ಸಲವೂ ತಪ್ಪಿದವರು ನೀವೊಬ್ಬರೇ. ಒಂದೇ ವಿಷಯದಲ್ಲಿ ಎರಡು ದಿಕ್ಕಿನಿಂದಲೂ ತಪ್ಪುವುದು ಸಾಮಾನ್ಯ ಮನುಷ್ಯರ ಕೈಲಾಗುವ ಕೆಲಸವಲ್ಲ. ಅದಕ್ಕೆ ಇಲಾಖಾ ತರಬೇತಿ ಬೇಕು.

ಇದನ್ನು ನಿಮ್ಮ ಕಚೇರಿಗೆ ತಂದುಕೊಡದೆ ಸಂಜೆ ಪತ್ರಿಕೆಗೆ ಏಕೆ ಕೊಟ್ಟೆನೆಂದರೆ, ಕಚೇರಿಗೆ ಕೊಟ್ಟ ಅರ್ಜಿ ಕೆಳಗಿನ ಮೇಜಿನಿಂದ ನಿಮ್ಮ ಮೇಜಿಗೆ ಹತ್ತಿ ಬರಲು ಒಂದು ಇಡೀ ಮಳೆಗಾಲ ಬೇಕಾಗುತ್ತದೆ. ಈ ಪತ್ರಿಕೆಯಾದರೋ ನಾನು ಬಂದಾಗಲೆಲ್ಲ ನಿಮ್ಮ ಮುಖದ ಮುಂದೆಯೇ ಹರಡಿಕೊಂಡಿರುತ್ತಿತ್ತು. ಪದಬಂಧ ನಾಲ್ಕನೆಯ ಪುಟದಲ್ಲಿರುತ್ತದೆ, ನನ್ನ ಪತ್ರವನ್ನೂ ಅದೇ ಪುಟದಲ್ಲಿ ಹಾಕಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ಈಗ ಓದುಗರಿಗಾಗಿ ಸ್ವಲ್ಪ ಹಿಂದಿನ ಕಥೆ. ಟಿನ್ ಫ್ಯಾಕ್ಟರಿಯಿಂದ ಮಹದೇವಪುರದ ಕಡೆ ಹೋಗುವಾಗ ಒಳಗೆ ಸಿಗುವ ವಿಮಾ ನೌಕರರ ಕಾಲೊನಿಯಲ್ಲಿ ನಮ್ಮ ಮನೆ. ಪತಿ ಭಾರ್ಗವ್ ವಿಮಾ ಕಚೇರಿಯಲ್ಲಿದ್ದಾರೆ. ನಾನು ಫಿಸಿಕ್ಸ್ ಓದಿದವಳು, ಮಗು ಹುಟ್ಟುವವರೆಗೆ ಬೆನ್ಸನ್ ಟೌನಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಹಿಂಬದಿಯ ಗೋಡೆಗೆ ಹೊಂದಿಕೊಂಡೇ ಹಳೆಯ ಊರಿನ ಮುನಿಆಂಜನಪ್ಪನವರ ಮನೆ. ಸುತ್ತ ಇಂದು ಗಾಜಿನ ಕಟ್ಟಡಗಳು ಎದ್ದಿರುವ ನೆಲದಲ್ಲಿ ಒಂದು ಕಾಲಕ್ಕೆ ಅವರ ರಾಗಿ ಬೆಳೆಯುತ್ತಿತ್ತು. ಅಪ್ಪ ಜಮೀನು ಮಾರಿದರು, ಮಗ ವಸಂತ ಪಿಕಪ್ ತಂದ. ಹೊಸಕೋಟೆ ಕಡೆಯಿಂದ ಸೊಪ್ಪು ತುಂಬಿಕೊಂಡು ಬೆಳಕು ಹರಿಯುವ ಮುನ್ನ ಶಿವಾಜಿನಗರದ ಮಾರ್ಕೆಟ್ಟಿಗೆ ಹಾಕುವ ಕೆಲಸ. ಕೊತ್ತಂಬರಿ, ಸಬ್ಬಸಿಗೆ, ದಂಟು. ಇವುಗಳಲ್ಲಿ ಯಾವ ಸೊಪ್ಪಿಗೂ ಸಂಗೀತದ ಚಪಲವಿಲ್ಲ. ಆದರೂ ವಸಂತ ಶಿವಾಜಿನಗರದ ರಹೀಂ ಎಂಬುವರ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಹೊಡೆಸಿ, ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಎರಡು ಸ್ಪೀಕರ್ ಕೂರಿಸಿ, ಬೂದುಬಣ್ಣದ ಕಾರ್ಪೆಟ್ ಸುತ್ತಿಸಿ, ಕ್ಯಾಬಿನ್ನಿನ ಬೆನ್ನಿಗೆ ಬೋಲ್ಟು ಹಾಕಿ ಬಿಗಿಸಿಕೊಂಡು ಬಂದ. ಅದಕ್ಕೆಂದೇ ಬೇರೆ ಬ್ಯಾಟರಿ. ಮಳೆ ಬಂದರೆ ಮೊದಲು ಪೆಟ್ಟಿಗೆಗೆ ಟಾರ್ಪಾಲು, ಆಮೇಲೆ ಸೊಪ್ಪಿಗೆ.

ಹಾಡು ಯಾವುದೆಂದು ನಮಗೆಂದೂ ಗೊತ್ತಾಗಲಿಲ್ಲ. ಗೋಡೆ ದಾಟಿ ಬರುತ್ತಿದ್ದುದು ಹಾಡಿನ ತಳ ಮಾತ್ರ. ಕಿವಿಯಲ್ಲಿ ಕೇಳುವುದಲ್ಲ ಅದು. ಮಂಚದ ಕಾಲಿನಲ್ಲಿ, ದವಡೆಯಲ್ಲಿ, ಎದೆಗೂಡಿನಲ್ಲಿ ಆಗುವಂಥದ್ದು. ದಿನಾ ಬೆಳಗಿನ ಜಾವ ಆತ ಗಾಡಿ ಸ್ಟಾರ್ಟ್ ಮಾಡಿದೊಡನೆ ಧುಮ್ಮ್ ಧುಮ್ಮ್ ಶುರು. ನನ್ನ ಕೂಸು ಕಿಟಾರನೆ ಕಿರುಚಿ ಏಳುತ್ತಿತ್ತು. ಇಡೀ ರಾತ್ರಿ ತಟ್ಟಿ ತಟ್ಟಿ ಆಗಷ್ಟೇ ಮಲಗಿಸಿರುತ್ತಿದ್ದೆ. ಒಂದು ದಿನ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಗೇಟಿನ ಬಳಿ ಹೋಗಿ ಕೇಳಿದೆ.

“ವಸಂತ, ಈ ಹೊತ್ತಿಗೆ ಯಾಕಪ್ಪಾ ಇದು?”

“ಅಕ್ಕ, ಗಾಡಿ ಓಡಿಸ್ವಾಗ ನಿದ್ದೆ ಬರ್ತೈತೆ. ಬೇಸ್ ಹಾಕಿದ್ರೆ ನಿದ್ದೆ ಹೊಂಟೋಯ್ತದೆ.”

“ಹೋಗ್ತಿದೆ ಕಣಯ್ಯಾ, ಆದ್ರೆ ನಿಂದಲ್ಲ, ನಮ್ದು.”

ಅವನು ನಕ್ಕ. ನಾನು ನಗಲಿಲ್ಲ. ನಿಮ್ಮ ಕಚೇರಿಗೆ ಬಂದೆ.

ಬಂದದ್ದಕ್ಕೆ ಸಿಕ್ಕ ಸತ್ಕಾರವನ್ನು ಏನೆಂದು ಹೇಳಲಿ? ಮೊದಲ ಸಲ ‘ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ’ ಎಂದರು, ನೀವು ಕ್ಯಾಂಟೀನಿನಲ್ಲಿದ್ದಿರಿ. ಎರಡನೆಯ ಸಲ ದೂರು ಯಾವ ವರ್ಗಕ್ಕೆ ಸೇರುತ್ತದೆ ಎಂಬ ಪ್ರಶ್ನೆ ಎದ್ದಿತು. ಧ್ವನಿವರ್ಧಕವೇ? ಕಾರ್ಖಾನೆಯೇ? ವಾಹನದ ಹಾರ್ನೇ? ನಾನು ಹೇಳುತ್ತಿದ್ದುದು ಮೂರೂ ಅಲ್ಲವಾದ್ದರಿಂದ ಅಂಥ ಸದ್ದು ಇರಲಾರದು ಎಂಬ ಕಡೆಗೆ ನಿಮ್ಮ ಒಲವಿತ್ತು. ಮೂರನೆಯ ಸಲ ನೀವೇ ಸಿಕ್ಕಿದಿರಿ, ಪತ್ರಿಕೆಯಿಂದ ಕಣ್ಣೆತ್ತದೆಯೇ ಸಲಹೆ ಕೊಟ್ಟಿರಿ: “ಅಮ್ಮಾ, ಕಿವಿಗೆ ಸ್ವಲ್ಪ ಹತ್ತಿ ಇಟ್ಕೊಂಡ್ ಮಲ್ಕೊಳ್ಳಿ.” ನಾಡಿನ ಶಬ್ದವನ್ನೆಲ್ಲ ತಪಾಸಣೆ ಮಾಡಲು ಸಂಬಳ ಎಣಿಸಿಕೊಳ್ಳುವ ಅಧಿಕಾರಿಯ ಬತ್ತಳಿಕೆಯಲ್ಲಿದ್ದ ಏಕೈಕ ಅಸ್ತ್ರ ಹತ್ತಿ!

ಕೊನೆಗೊಂದು ದಿನ ಪರಿಶೀಲನೆಗೆ ಬಂದಿರಿ. ನಾಲ್ಕೂ ಇಪ್ಪತ್ತಕ್ಕಲ್ಲ, ಬಿಡಿ. ಮಧ್ಯಾಹ್ನ, ಊಟವಾದ ಮೇಲೆ, ಒಬ್ಬ ಸಹಾಯಕ ಮತ್ತು ಒಂದು ಯಂತ್ರದ ಸಮೇತ. ಮಗು ಕಿಟಕಿಯ ಪಕ್ಕದ ತೊಟ್ಟಿಲಲ್ಲಿ ಮಲಗಿತ್ತು. ಯಂತ್ರ ಕೆಲಸ ಮಾಡುತ್ತಿದೆಯೇ ನೋಡಲು ನೀವು ವಸಂತನಿಗೆ ಮೊದಲು ಹಾರ್ನ್ ಹೊಡೆಯಲು ಹೇಳಿದಿರಿ. ಕಿಟಕಿಗೆ ಮೂತಿ ಮಾಡಿ ನಿಂತ ಪಿಕಪ್ಪಿನ ಹಾರ್ನ್. ನಾನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡೆ; ನಿಮ್ಮ ಯಂತ್ರದ ಅಂಕಿ ಗಕ್ಕನೆ ಮೇಲೇರಿತು. ಮಗು ಮಿಸುಕಲಿಲ್ಲ. ಆಮೇಲೆ ಆ ಪೆಟ್ಟಿಗೆ ಹಾಕಿಸಿದಿರಿ. ಧುಮ್ಮ್ ಧುಮ್ಮ್. ಯಂತ್ರದ ಅಂಕಿ ಅಲ್ಲೇ ಕೆಳಗೆ ತೂಕಡಿಸುತ್ತಿತ್ತು. ಮಗು ಬೆಚ್ಚಿಬಿದ್ದು, ಅತ್ತು, ಎದ್ದಿತು.

ನೋಡಿ, ಮಗು ಎದ್ದಿತು ಎಂದೆ. ನೀವು ನಕ್ಕಿರಿ.

“ಅಲ್ಲಮ್ಮಾ, ಹಾರ್ನ್‌ಗೇ ಎದ್ದಿಲ್ಲ ನಿಮ್ ಮಗು. ಇಷ್ಟಕ್ಕೆ ಏಳುತ್ತಾ? ಹಸಿವಾಗಿದೆ ಅದಕ್ಕೆ. ಹೋಗಿ, ಹಾಲು ಕೊಡಿ.”

ಸಹಾಯಕರೂ ನಕ್ಕರು. ವಸಂತ ಮಾತ್ರ ಯಾಕೋ ನಗಲಿಲ್ಲ. ಸದ್ದು ಮಿತಿಯೊಳಗಿದೆ, ಮಗು ಎದ್ದದ್ದು ಹಸಿವಿಗೆ, ದೂರು ಉತ್ಪ್ರೇಕ್ಷಿತ ಎಂದು ಬರೆದುಕೊಂಡು, ನಮ್ಮ ಅತ್ತೆ ಕೊಟ್ಟ ಕಾಫಿ ಕುಡಿದು, ಸಕ್ಕರೆ ಒಂಚೂರು ಜಾಸ್ತಿಯಾಯಿತು ಎಂಬ ತೀರ್ಪನ್ನೂ ಕೊಟ್ಟು ನೀವು ಹೊರಟುಹೋದಿರಿ. ಆ ಮಧ್ಯಾಹ್ನದ ನಿಮ್ಮ ತಪಾಸಣೆಗಳಲ್ಲಿ ಸರಿಯಾಗಿದ್ದುದು ಅದೊಂದೇ.

ಆ ಸಂಜೆಯೇ ಸಿಟ್ಟಿನಲ್ಲಿ ಕೂತು ನಿಮ್ಮ ಮೇಲಿನವರಿಗೆ ಮೇಲ್ಮನವಿ ಬರೆದೆ. ಹೈಸ್ಕೂಲು ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಬರೆದೆ. ನಿಮ್ಮ ಯಂತ್ರವನ್ನು ಮನುಷ್ಯನ ಕಿವಿಯ ಹದಕ್ಕೆ ಹೊಂದಿಸಿರುತ್ತಾರೆ. ಕೀರಲು ಸದ್ದನ್ನು ಅದು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತದೆ, ತೀರಾ ಮಂದ್ರದ ಸದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಹಾಗಾಗಿ ಹಾರ್ನ್ ಅದಕ್ಕೆ ಕೇಳುತ್ತದೆ, ಸಬ್‌ವೂಫರ್ ಕೇಳುವುದಿಲ್ಲ. ಯಂತ್ರದಲ್ಲಿ ಒಂದು ಗುಂಡಿ ತಿರುಗಿಸಿದ್ದರೆ ಕೇಳುತ್ತಿತ್ತು. ಆ ಗುಂಡಿ ಇರುವುದೇ ನಿಮಗೆ ತಿಳಿದಿರಲಿಲ್ಲ. ಕೈಗೆ ಯಂತ್ರ ಕೊಟ್ಟರು, ಅದರ ಜೊತೆ ಬಂದ ಪುಸ್ತಕವನ್ನು ಯಾರೋ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇದೇ ಅಲ್ಲವೇ ನಮ್ಮ ಸರ್ಕಾರಿ ವಿಜ್ಞಾನ?

ಮನವಿಯನ್ನು ಅಂಚೆಗೆ ಹಾಕಿ ಬಂದೆ. ಸಿಟ್ಟು ಇಳಿಯಿತು. ಇಳಿದ ಮೇಲೆ ನಿಮ್ಮ ಮಾತು ಮಾತ್ರ ಉಳಿಯಿತು. ಹಾರ್ನ್‌ಗೇ ಎದ್ದಿಲ್ಲ ನಿಮ್ಮ ಮಗು.

ಹೌದಲ್ಲ. ಯಾಕೆ ಏಳಲಿಲ್ಲ?

ನಮ್ಮ ಮನೆಯಲ್ಲಿ ಇದಕ್ಕೆ ಆಗಲೇ ಒಂದು ಉತ್ತರ ಸಿದ್ಧವಿತ್ತು. ತನ್ಮಯಿಗೆ ಎಣ್ಣೆ ನೀರು ಹಾಕಲು ಹಳೆಯ ಊರಿನಿಂದ ಬರುತ್ತಿದ್ದ ಅಂಜಿನಮ್ಮ ಮೊದಲ ವಾರವೇ ಬಜೆಬೇರು ತುಂಡರಿಸಿ, ದಾರಕ್ಕೆ ಪೋಣಿಸಿ, ಮಗುವಿನ ಎರಡೂ ಕೈಗೆ ಬಳೆಯ ಹಾಗೆ ಕಟ್ಟಿದ್ದಳು. “ಬಜೆ ಕಟ್ಟಿದ್ರೆ ಕೂಸು ಬೆಚ್ಚಿ ಬೀಳಲ್ಲ ಕಣವ್ವ.” ಅದು ನಿಜವಾಗಿಯೂ ಬೆಚ್ಚಲಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚಲಿಲ್ಲ, ದೀಪಾವಳಿಯ ಸರಪಟಾಕಿಗೆ ಬೆಚ್ಚಲಿಲ್ಲ. ಅತ್ತೆ ಸೀತಮ್ಮನವರು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗಿದರು: “ನಮ್ಮ ಮಗೂಗೆ ಬಜೆ ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ, ಏನೇ ಸದ್ದಾದ್ರೂ ಜಪ್ಪಯ್ಯ ಅನ್ನಲ್ಲ.” ಕಾಲೊನಿಯ ಇಬ್ಬರು ಬಾಣಂತಿಯರು ಅಂಜಿನಮ್ಮನನ್ನು ಹುಡುಕಿಕೊಂಡು ಹೋಗಿ ಅದೇ ಬಜೆ ಕಟ್ಟಿಸಿಕೊಂಡರು. ಪಿಕಪ್ಪಿನ ಸದ್ದಿಗೆ ಮಾತ್ರ ಏಕೆ ಬೆಚ್ಚುತ್ತದೆ ಎಂದು ಕೇಳಿದರೆ, ಅತ್ತೆಯ ಬಳಿ ಅದಕ್ಕೂ ಉತ್ತರವಿತ್ತು: “ಅದು ಬಜೆಗೂ ಬಗ್ಗದ ಪೀಡೆ!”

ಮಾರನೆಯ ದಿನ ಅತ್ತೆ ಹೂವಿಗೆಂದು ಹೊರಗೆ ಹೋದಾಗ ಮಗುವನ್ನು ಚಾಪೆಯ ಮೇಲೆ ಕೂರಿಸಿ, ಅದರ ಬೆನ್ನ ಹಿಂದೆ ನಿಂತು, ಊಟದ ತಟ್ಟೆಯನ್ನು ಸೌಟಿನಿಂದ ಹೊಡೆದೆ. ಅದು ತನ್ನ ಕಾಲಿನ ಬೆರಳು ನೋಡುತ್ತಿತ್ತು. ಮತ್ತೆ ಹೊಡೆದೆ. ಕಾಲಿನ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಿತು. ಪಕ್ಕದ ಮನೆಯವರು ‘ಏನ್ರೀ ಮಧುರಾ, ಏನಾಯ್ತು?’ ಎಂದು ಓಡಿ ಬಂದರು. ಅವರ ಮನೆಗೂ ಕೇಳಿಸಿತ್ತು.

ಇಂದಿರಾನಗರದ ಕಿವಿಯ ಡಾಕ್ಟರರ ಬಳಿ ಹೋದೆವು. ಔಷಧಿ ಕೊಟ್ಟು ಮಲಗಿಸಿ, ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಹೀಗೆ ಎಂದರು. ಯಾರ ಗಾಡಿಯಿಂದಲೂ ಆದದ್ದಲ್ಲ, ಯಾರ ತಪ್ಪಿನಿಂದಲೂ ಅಲ್ಲ. ಭಾರ್ಗವ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಮಾತ್ರ ಪೆದ್ದಿಯ ಹಾಗೆ ವಾದಿಸಿದೆ: ಇಲ್ಲ, ನಮ್ಮ ಮಗುವಿಗೆ ಕೇಳುತ್ತದೆ, ಪಿಕಪ್ಪಿನ ಸದ್ದಿಗೆ ದಿನವೂ ಏಳುತ್ತದೆ. ಅಲ್ಲಿ ಮಕ್ಕಳಿಗೆ ಕೇಳಿಸಿಕೊಳ್ಳುವುದನ್ನು ಕಲಿಸುವ ಒಬ್ಬ ಮೇಡಂ ಇದ್ದರು. ಅವರು ನಗಲಿಲ್ಲ. ಎಂಥ ಸದ್ದು, ಎಲ್ಲಿಂದ ಬರುತ್ತದೆ, ಮಗು ಯಾವ ಕಡೆ ತಿರುಗುತ್ತದೆ ಎಂದೆಲ್ಲ ಕೇಳಿ, ಮತ್ತೊಮ್ಮೆ ಪರೀಕ್ಷೆ ಮಾಡಿ ಹೇಳಿದರು.

“ನೀವು ಹೇಳಿದ್ದು ನಿಜ. ಮೇಲಿನ ಸ್ವರ ಯಾವುದೂ ಇವಳಿಗೆ ಇಲ್ಲ. ತೀರಾ ಕೆಳಗೆ, ಮಂದ್ರದಲ್ಲಿ, ಒಂಚೂರು ಉಳಿದಿದೆ.”

ಈಗ ಅರ್ಥವಾಯಿತೇ, ತಪಾಸಣಾಧಿಕಾರಿಗಳೇ? ಹಾರ್ನ್‌ಗೆ ಯಂತ್ರ ಎದ್ದಿತು, ಮಗು ಮಲಗಿತ್ತು. ಪೆಟ್ಟಿಗೆಗೆ ಮಗು ಎದ್ದಿತು, ಯಂತ್ರ ಮಲಗಿತ್ತು. ನಿಮ್ಮ ಯಂತ್ರಕ್ಕೆ ಯಾವುದು ಕೇಳಿಸುವುದಿಲ್ಲವೋ ನನ್ನ ಮಗಳಿಗೆ ಅದು ಮಾತ್ರ ಕೇಳಿಸುತ್ತದೆ. ನಮ್ಮ ಮನೆಯ ಅಂಗಳದಲ್ಲಿ, ನಿಮ್ಮ ಕಣ್ಣೆದುರಿನಲ್ಲಿ, ಒಂದು ಮಗುವಿನ ಕಿವಿಯ ಇಡೀ ಸ್ಥಿತಿ ಬಿಚ್ಚಿಕೊಂಡಿತ್ತು. ನಿಮಗೆ ಕಂಡದ್ದು ಹಸಿವು.

ಆ ಮೇಡಂ ಹೇಳಿದ್ದು ಇಷ್ಟು. ಕಿವಿಗೆ ಯಂತ್ರ ಹಾಕೋಣ, ಆದರೆ ಸದ್ದು ಎಂದರೇನೆಂದೇ ಈ ಮಗುವಿಗೆ ತಿಳಿಯದು. ಮೊದಲು ‘ಇದೆ’, ‘ಇಲ್ಲ’ ಎಂಬ ವ್ಯತ್ಯಾಸ ಕಲಿಯಲಿ. ಯಾವ ಸದ್ದಿಗೆ ತಿರುಗುತ್ತದೋ ಅಲ್ಲಿಂದಲೇ ಶುರು ಮಾಡಿ; ಹತ್ತಿರ ಕೂರಿಸಬೇಡಿ, ಜೋರಾಗಿ ಹಾಕಬೇಡಿ; ಅಲ್ಲಿಂದ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿಸೋಣ. ಹಾಗೆ ನಾನು, ನಿಮ್ಮ ಕಡತದ ದೂರುದಾರಳು, ಮಗುವನ್ನು ಎತ್ತಿಕೊಂಡು ಹಿಂದಿನ ಮನೆಯ ಗೇಟಿನಲ್ಲಿ ನಿಂತು, ನಿಮ್ಮ ಸಬ್‌ವೂಫರ್ ಹಾಕಿ ಎಂದು ಕೇಳಿದೆ. ವಸಂತನ ತಾಯಿ ರಾಮಲಕ್ಷ್ಮಮ್ಮ ದೂರು ಕೊಟ್ಟಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದರು. ಸೊಂಟಕ್ಕೆ ಕೈಕೊಟ್ಟು ನಿಂತರು.

“ನಿಲ್ಸು ಅಂತ ಕಂಪ್ಲೇಂಟ್ ಕೊಟ್ಟೋಳೂ ನೀನೇ, ಹಾಕು ಅಂತ ಬಂದೋಳೂ ನೀನೇ. ಮಳೇನೂ ನಿಂದೇ, ಬಿಸ್ಲೂ ನಿಂದೇ ಆಗೋಯ್ತಲ್ಲ ತಾಯಿ!”

ಕಾರಣ ಹೇಳಿದೆ. ಅವರು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗೆ ತಿರುಗಿ, “ಲೋ ವಸಂತ, ಎದ್ದು ಬಾರೋ, ಗಾಡಿ ಕೀ ತಗೊಂಡ್ ಬಾರೋ” ಎಂದು ಕೂಗಿದರು. ನಿಮ್ಮ ಕಚೇರಿಗೆ ತಿಂಗಳುಗಟ್ಟಲೆ ಅಲೆದರೂ ಆಗದ ಕೆಲಸ ಅಲ್ಲಿ ಮಗುವಿನ ಮೂಗು ಒರೆಸುವಷ್ಟರಲ್ಲಿ ಆಯಿತು. ಅಂದಿನಿಂದ ಬೆಳಗಿನ ಜಾವ ಪೆಟ್ಟಿಗೆಯ ಬಾಯಿ ಬಂದ್. ನಿದ್ದೆ ಬಂದರೆ ವಸಂತ ಬಾಯಿಗೆ ಹಸಿಮೆಣಸಿನಕಾಯಿ ಹಾಕಿಕೊಳ್ಳುತ್ತಾನಂತೆ. ಸಂಜೆ ಮಾತ್ರ, ಅವರ ಮನೆಯ ಮುಂದಿನ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಹದವಾಗಿ, ಸ್ವಲ್ಪ ಹೊತ್ತು. ನನ್ನ ಮಗಳು ಚಾಪೆಯ ಮೇಲೆ ಕೂತಿರುತ್ತಾಳೆ. ವಸಂತ ಹಾಕುತ್ತಾನೆ, ಅವಳು ತಿರುಗುತ್ತಾಳೆ, ನಾನು ‘ಇದೆ’ ಎಂದು ಕೈ ತೋರಿಸುತ್ತೇನೆ. ನಿಲ್ಲಿಸುತ್ತಾನೆ, ಅವಳು ನನ್ನ ಮುಖ ನೋಡುತ್ತಾಳೆ, ನಾನು ‘ಇಲ್ಲ’ ಎನ್ನುತ್ತೇನೆ. ಕಾಲೊನಿಯಲ್ಲಿ ಒಬ್ಬರೂ ಆಕ್ಷೇಪಿಸಿಲ್ಲ. ಆಕ್ಷೇಪಿಸಬೇಕಾದವಳು ನಾನೊಬ್ಬಳೇ ಅಲ್ಲವೇ?

ಕಿವಿಯ ಯಂತ್ರ ಬಂತು. ಅವಳು ಅದನ್ನು ಕಿತ್ತೆಸೆಯುತ್ತಿದ್ದಳು. ಅನ್ನಕ್ಕೆ ಎಸೆದಳು, ಬಕೆಟ್ಟಿಗೆ ಎಸೆದಳು, ಒಮ್ಮೆ ಕಿಟಕಿಯಿಂದಾಚೆ ಎಸೆದಳು. ಪಿಕಪ್ಪಿನ ಎದುರು ಕೂರಿಸಿದರೆ ಮಾತ್ರ ಕೀಳುತ್ತಿರಲಿಲ್ಲ. ಅದನ್ನು ಹಾಕಿಕೊಂಡರೆ ಆ ಧುಮ್ಮ್ ಇನ್ನೂ ಹತ್ತಿರ ಬರುತ್ತದೆ ಎಂದು ಅವಳಿಗೆ ಅಲ್ಲಿ ಗೊತ್ತಾಯಿತು. ಈಗ ಕಿವಿಯ ಯಂತ್ರ ತೋರಿಸಿದರೆ ತಾನೇ ತಲೆ ಬಾಗಿಸಿ ಕೊಡುತ್ತಾಳೆ, ಅದೂ ಅಲ್ಲಿ ಮಾತ್ರ. ಮನೆಯೊಳಗೆ ಇನ್ನೂ ಎಸೆಯುತ್ತಾಳೆ. ಹೋದ ವಾರ ಮೇಡಂ ಹೇಳಿದರು, ಈಗ ಒಂದು ಮೆಟ್ಟಿಲು ಮೇಲೆ ಹತ್ತಿಸಿ, ನಿಮ್ಮ ದನಿಯನ್ನೇ ಪ್ರಯತ್ನಿಸಿ ಎಂದು. ವಸಂತ ಶಿವಾಜಿನಗರದಿಂದ ರಹೀಂ ಅವರನ್ನು ಸೊಪ್ಪು ಇಳಿಸಿದ ಗಾಡಿಯಲ್ಲೇ ಕರೆತಂದ. ಅವರು ಆ ಪೆಟ್ಟಿಗೆಗೆ ಒಂದು ಮೈಕು ಸಿಕ್ಕಿಸಿ, ಏನೋ ತಿರುಪಿ, “ಈಗ ಬೋಲೋ ಅಕ್ಕಾ, ಮೆಲ್ಲಗೆ, ಗಂಟಲ್ ಕೆಳಗಿಂದ” ಎಂದರು.

ನಾನು ಪೆಟ್ಟಿಗೆಯ ಹಿಂದೆ, ಮಗುವಿಗೆ ಕಾಣದ ಹಾಗೆ ಕೂತು, ಆದಷ್ಟು ಕೆಳಗಿನ ದನಿಯಲ್ಲಿ ‘ಬಾ’ ಎಂದೆ. ಏನೂ ಆಗಲಿಲ್ಲವಂತೆ. ಮತ್ತೆ ‘ಬಾ’ ಎಂದೆ. ಗಂಡಸಿನ ಹಾಗೆ, ಎಮ್ಮೆಯ ಹಾಗೆ, ನಾಚಿಕೆ ಬಿಟ್ಟು. ಆಚೆ ಕಡೆಯಿಂದ ರಾಮಲಕ್ಷ್ಮಮ್ಮ ಕಿರುಚಿದರು, “ತಿರುಗ್ತು ಕಣೇ, ಕೂಸು ತಿರುಗ್ತು!” ನಾನು ಎದ್ದು ನೋಡಿದಾಗ ತನ್ಮಯಿ ಪೆಟ್ಟಿಗೆಯನ್ನೇ ನೋಡುತ್ತಾ ಚಾಪೆಯಿಂದಾಚೆಗೆ ಅಂಬೆಗಾಲಿಟ್ಟು ಬರುತ್ತಿದ್ದಳು.

ನಾನು ಕರೆದದ್ದಕ್ಕೆ ನನ್ನ ಮಗಳು ಬಂದದ್ದು ಅದು ಮೊದಲ ಸಲ. ನನ್ನ ದನಿ ಅವಳನ್ನು ಮುಟ್ಟಿದ್ದು ಒಂದು ಸೊಪ್ಪಿನ ಗಾಡಿಯ ಬಾಯಿಂದ. ನಾಳೆ ಬೆಳಿಗ್ಗೆ ನೀವು ಕೀಳಲು ಹೊರಟಿರುವುದು ಆ ಬಾಯನ್ನು.

ದೂರು ವಾಪಸ್ ಪಡೆಯಲು ನಾನು ಬರಲಿಲ್ಲವೇ? ಬಂದೆ. ಮಗುವಿನ ಕಿವಿಯ ಪರೀಕ್ಷೆಯ ಮಾರನೆಯ ವಾರವೇ ಬಂದೆ. ನಿಮ್ಮ ಗುಮಾಸ್ತರು ಹೇಳಿದರು: “ವಾಪಸ್ ತಗೊಳಕ್ ಬರಲ್ಲಮ್ಮಾ, ನಂಬರ್ ಬಿದ್ದೋಗಿದೆ. ಅಪೀಲ್ ಮೇಲ್ಗಡೆ ಹೋಗಿದೆ, ಅದು ಇಳಿಯೋವರ್ಗೂ ನಾವ್ ಮುಟ್ಟಂಗಿಲ್ಲ.” ನಿಮ್ಮನ್ನು ಕಂಡೆ. “ಸುಮ್ನೆ ಬಿಡಿ ಅಮ್ಮಾ, ಅದೆಲ್ಲ ಆಗೋ ಕೆಲ್ಸ ಅಲ್ಲ, ಯಾರೂ ಏನೂ ಮಾಡಲ್ಲ” ಎಂದು ನೀವೇ ಭರವಸೆ ಕೊಟ್ಟಿರಿ. ನಾನು ನಂಬಿದೆ. ಏನೂ ಮಾಡುವುದಿಲ್ಲ ಎಂಬ ವಿಷಯದಲ್ಲಿ ನಿಮ್ಮ ಇಲಾಖೆಯನ್ನು ನಂಬದಿದ್ದರೆ ಇನ್ನಾವುದರಲ್ಲಿ ನಂಬುವುದು? ಅದರಲ್ಲೂ ನೀವು ಕೈಕೊಟ್ಟಿರಿ. ಬಾಕಿ ಕಡತ ವಿಲೇವಾರಿ ಸಪ್ತಾಹವಂತೆ. ಯಾರೋ ಮೇಲಿನವರು ಧೂಳು ಕೊಡವಿ ನನ್ನ ಮನವಿ ಓದಿದರಂತೆ, ನನ್ನ ವಾದಕ್ಕೆ ತಲೆದೂಗಿದರಂತೆ, ಮಂದ್ರದ ಸದ್ದೂ ಸದ್ದೇ ಎಂದು ಒಪ್ಪಿದರಂತೆ. ಉಪಕರಣವನ್ನು ತೆಗೆದು ಜಪ್ತಿ ಮಾಡತಕ್ಕದ್ದು ಎಂಬ ಆದೇಶ ನಿನ್ನೆ ಸಂಜೆ ವಸಂತನ ಕೈಗೆ ಬಂತು. ನನ್ನ ಜೀವಮಾನದಲ್ಲಿ ಸರ್ಕಾರ ನನ್ನ ಮಾತು ಕೇಳಿದ್ದು ಇದೊಂದೇ ಸಲ.

ಇಂದು ನಾಲ್ಕೂ ಇಪ್ಪತ್ತಕ್ಕೆ ಆ ಒಂದು ಧುಮ್ಮ್ ಕೇಳಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದೆ. ವಸಂತ ಕ್ಯಾಬಿನ್ನಿನಲ್ಲಿ ಕೂತಿದ್ದ. “ಇವತ್ತೇ ಕೊನೆ ಅಕ್ಕ.” ಮಗುವಿನ ಕಡೆ ಕೈ ತೋರಿಸಿ ಅಂದ, “ಬೈಕೋಬೇಡ. ಕೂಸಿಗೆ ಒಂದ್ ಸಲ ಕೇಳಿಸ್ಬುಡಾನ ಅಂತ ಹಾಕ್ದೆ.” ಹೊಸ ಪೆಟ್ಟಿಗೆ ಮಾಡಿಸಬಹುದಲ್ಲ ಎಂದೆ. ಇಂಥ ಉಪಕರಣ ಮತ್ತೆ ಕಂಡರೆ ಗಾಡಿಯ ಪರ್ಮಿಟ್ಟೇ ರದ್ದು ಎಂದು ಆದೇಶದಲ್ಲಿದೆಯಂತೆ. ಗಾಡಿ ನಿಂತರೆ ಅವರ ಮನೆಯ ಒಲೆ ನಿಲ್ಲುತ್ತದೆ. ಇಷ್ಟಾಗಿಯೂ ಅವನು ನನ್ನನ್ನು ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಕಾನೂನು ಕಾನೂನೇ’ ಎನ್ನುವಿರೋ? ನಿಮ್ಮದೇ ಕಚೇರಿಯ ಎದುರು ರಾಜ್ಯೋತ್ಸವಕ್ಕೆ ನಡುರಾತ್ರಿಯವರೆಗೆ ಧ್ವನಿವರ್ಧಕ ಒದರಿದಾಗ ಆ ಕಾನೂನು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿತ್ತೇ? ಜಪ್ತಿ ಮಾಡಿದ ಪೆಟ್ಟಿಗೆಯನ್ನು ಏನು ಮಾಡುತ್ತೀರಿ? ನಿಮ್ಮ ಕಚೇರಿಯ ಹಿತ್ತಿಲಿನಲ್ಲಿ, ಚಕ್ರ ಕಳಚಿದ ಸ್ಕೂಟರುಗಳ ಪಕ್ಕದಲ್ಲಿ, ಮಳೆಗೆ ನೆನೆದು ಪ್ಲೈವುಡ್ಡು ಉಬ್ಬಿ ಹಪ್ಪಳವಾಗುವವರೆಗೆ ಇಟ್ಟುಕೊಳ್ಳುತ್ತೀರಿ. ಅದರಿಂದ ಯಾರ ನಿದ್ದೆ ಉಳಿಯುತ್ತದೆ ಹೇಳಿ. ನನ್ನದಂತೂ ಅಲ್ಲ. ದೂರುದಾರರ ಹಿತಕ್ಕಾಗಿ ಎಂದು ಆದೇಶದಲ್ಲಿ ಬರೆದಿದ್ದೀರಿ. ಆ ದೂರುದಾರಳು ನಾನು. ನನ್ನ ಹಿತ ನಿಮಗೆ ಬೇಡ, ನನ್ನ ಅಹಿತವನ್ನಾದರೂ ಸರಿಯಾದ ಕಾಲಕ್ಕೆ ಮಾಡಿದಿರಾ?

ಕೇಳುವುದು ಇಷ್ಟೇ. ನಾಳೆ ಬರಲಿರುವ ನಿಮ್ಮ ಸಿಬ್ಬಂದಿಗೆ ಇಂದು ರಾತ್ರಿಯೇ ಒಂದು ಫೋನ್ ಮಾಡಿ, ಸದ್ಯಕ್ಕೆ ಬೇಡ ಎನ್ನಿ. ಕಾರಣ ಕೊಡಬೇಕಾಗಿಲ್ಲ, ‘ಸದ್ಯಕ್ಕೆ ಬೇಡ’ ಎನ್ನಲು ನೀವು ಯಾವಾಗ ಕಾರಣ ಕೊಟ್ಟಿದ್ದೀರಿ? ಈ ಕಡತವನ್ನು ಮತ್ತೆ ಕಳೆದುಹಾಕಿ, ಮೊದಲಿನ ಹಾಗೆ ಅದರ ಮೇಲೆ ಕಾಫಿ ಲೋಟ ಇಡಿ. ನಿಮಗೆ ಚೆನ್ನಾಗಿ ಬರುವ ಕೆಲಸವನ್ನೇ ಕೇಳುತ್ತಿದ್ದೇನೆ, ಏನೂ ಮಾಡಬೇಡಿ ಎನ್ನುತ್ತಿದ್ದೇನೆ. ನನ್ನ ಮಗಳು ಮನೆಯೊಳಗೂ ಆ ಕಿವಿಯ ಯಂತ್ರವನ್ನು ಇಟ್ಟುಕೊಳ್ಳುವವರೆಗೆ, ಪೆಟ್ಟಿಗೆಯಿಲ್ಲದೆಯೂ ನನ್ನ ದನಿಗೆ ತಿರುಗುವವರೆಗೆ. ಅಂದು ನಾನೇ ಸ್ಪ್ಯಾನರ್ ಹಿಡಿದು ಆ ಬೋಲ್ಟುಗಳನ್ನು ಬಿಚ್ಚಿ ಪೆಟ್ಟಿಗೆಯನ್ನು ನಿಮ್ಮ ಮೇಜಿನ ಮೇಲೆ ತಂದಿಡುತ್ತೇನೆ.

ಇಲ್ಲಿಯವರೆಗೆ ನಿಮ್ಮನ್ನು ಬೈದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬೈದವಳೇ ಬೇಡುತ್ತಿದ್ದೇನೆ, ಬೇರೆ ದಾರಿ ಇಲ್ಲ. ಅವರಿಗೆ ಫೋನ್ ಮಾಡಿ, ಆಮೇಲೆ ನಮ್ಮ ಮನೆಗೂ ಒಂದು ಫೋನ್ ಮಾಡಿ ‘ಆಯಿತು’ ಎನ್ನಿ. ನಂಬರು ನನ್ನ ಎಲ್ಲ ಅರ್ಜಿಗಳ ಮೇಲೂ ಇದೆ. ಬೆಳಗಾಗುವುದರೊಳಗೆ ಮಾಡಿ. ಹತ್ತಕ್ಕಾದರೂ ಸರಿ, ಎರಡಕ್ಕಾದರೂ ಸರಿ, ನಾನು ಎದ್ದೇ ಇರುತ್ತೇನೆ. ಅಷ್ಟು ಹೊತ್ತಿನಲ್ಲಿ ಗಂಟೆ ಹೊಡೆದರೆ ಪಕ್ಕದಲ್ಲಿ ಮಲಗಿದ ಮಗು ಎದ್ದೀತೆಂದು ಸಂಕೋಚ ಪಡಬೇಡಿ. ಅವಳು ಏಳುವುದಿಲ್ಲ. ಫೋನ್ ಮಾಡಿ.

ಇಂತಿ,
ತನ್ನದೇ ದೂರು ಗೆದ್ದು ಸೋತಿರುವ,
ಹಸಿದ ಮಗುವಿನ ತಾಯಿ ಎಂದು ನೀವು ಬರೆದುಕೊಂಡಿರುವ
ಮಧುರಾ